ಎಲ್ಲಿಗೆ ಹೋಗಿದ್ದಿರಿ ಎಂದಾಗ ನಾನು ಬೆಟ್ಟವನ್ನಷ್ಟೇ ನೆನೆದೆ

ಮೊನ್ನೆ ಫೆಬ್ರವರಿ 10ಕ್ಕೆ ನಾಲ್ಕನೆಯ ವಾರದ ರಕ್ತಪರೀಕ್ಷೆ ಮುಗಿಯಿತು. ಹಿಮೋಗ್ಲೋಬಿನ್ 10.4ಕ್ಕೆ ಬಂದಿದೆ. ತೋಟಕ್ಕೆ ಇಳಿದು ಹತ್ತಿ ಬಂದರೆ ಮೊದಲಿನಷ್ಟು ಏದುಸಿರು ಬರುವುದಿಲ್ಲ. ನನಗೆ ಆಗಿದ್ದು ಮಲೇರಿಯಾ. ಅದು ಮಲೇರಿಯಾ ಎಂದು ಗೊತ್ತಾಗಲು ಐದು ದಿನ ಹಿಡಿಯಿತು. ಶಿರಸಿ, ಸಿದ್ದಾಪುರದ ಎಷ್ಟೋ ಮನೆಗಳ ಮಕ್ಕಳು ಈಗ ಹೊರದೇಶಗಳಲ್ಲಿದ್ದಾರೆ, ಅವರನ್ನು ನೋಡಿ ಬರಲು ಹೊರಡುವವರೂ ಹೆಚ್ಚಿದ್ದಾರೆ. ಅವರಲ್ಲಿ ಒಬ್ಬರಾದರೂ ನಾನು ಕಳೆದುಕೊಂಡ ಆ ಐದು ದಿನಗಳನ್ನು ಕಳೆದುಕೊಳ್ಳಬಾರದು ಎಂದು ದಿನಾಂಕ ಸಮೇತ ಬರೆಯುತ್ತಿದ್ದೇನೆ.

ನನ್ನ ತಮ್ಮ ಉಗಾಂಡಾದ ಕಂಪಾಲಾದಲ್ಲಿದ್ದಾನೆ. ಆರು ವರ್ಷಗಳಿಂದ ಕರೆಯುತ್ತಿದ್ದ. ಡಿಸೆಂಬರ್ ಎಂದರೆ ನಮ್ಮಲ್ಲಿ ಅಡಿಕೆಯ ಕೊನೆಕೊಯ್ಲಿನ ಕಾಲ. ಮನೆಯವರು ತೋಟ ಬಿಟ್ಟು ಬರುವಂತಿರಲಿಲ್ಲ. ಧಾರವಾಡದಲ್ಲಿ ಓದುತ್ತಿರುವ ಮಗಳೂ ನಾನೂ ಹೊರಟೆವು. ಉಗಾಂಡಾಕ್ಕೆ ಹೋಗಲು ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಬೇಕೇ ಬೇಕು. ಲಸಿಕೆ ಹಾಕಿಸಿಕೊಂಡು ಹತ್ತು ದಿನ ಕಳೆದ ಮೇಲಷ್ಟೇ ಅದಕ್ಕೆ ಮಾನ್ಯತೆ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ನಮಗೆ ಹತ್ತಿರವೆಂದರೆ ಗೋವಾದ ಮುರಗಾಂವ್ ಬಂದರಿನ ಆರೋಗ್ಯ ಕಚೇರಿ. ಮೊದಲೇ ದಿನ ಗೊತ್ತುಮಾಡಿಕೊಂಡು, ನವೆಂಬರ್ ಕೊನೆಯಲ್ಲಿ ಕಾರವಾರದ ಮೇಲಿಂದ ಹೋಗಿ, ಒಂದಿಡೀ ದಿನ ಕಳೆದು, ಹಳದಿ ಬಣ್ಣದ ಆ ಪುಟ್ಟ ಪುಸ್ತಕವನ್ನು ಕೈಯಲ್ಲಿ ಹಿಡಿದುಕೊಂಡು ಬಂದೆವು. ಆಫ್ರಿಕಾದ ಜ್ವರಕ್ಕೆಲ್ಲ ಇದೇ ರಕ್ಷಣೆ ಎಂದು ನನ್ನ ಮನಸ್ಸಿನಲ್ಲಿ ಕುಳಿತುಬಿಟ್ಟಿತು. ಹಳದಿ ಜ್ವರ ಬೇರೆ, ಮಲೇರಿಯಾ ಬೇರೆ. ಆ ಲಸಿಕೆಗೂ ಮಲೇರಿಯಾಕ್ಕೂ ಏನೂ ಸಂಬಂಧವಿಲ್ಲ. ಪ್ರವಾಸಕ್ಕೆ ಹೋಗುವ ನಮ್ಮಂಥವರು ಮಲೇರಿಯಾ ತಡೆಗೆ ನಂಬಬೇಕಾದದ್ದು ಮಾತ್ರೆ ಮತ್ತು ಸೊಳ್ಳೆಪರದೆಗಳನ್ನು.

ಮಾತ್ರೆಯನ್ನೂ ತೆಗೆದುಕೊಂಡಿದ್ದೆವು. ಡಾಕ್ಟರು ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೊಂದು ಬರೆದುಕೊಟ್ಟಿದ್ದರು. ಹೊರಡುವ ಎರಡು ದಿನ ಮೊದಲಿನಿಂದ ಶುರುಮಾಡಬೇಕು, ಅಲ್ಲಿದ್ದಷ್ಟು ದಿನವೂ ನುಂಗಬೇಕು, ಬಂದ ಮೇಲೆ ಇನ್ನೂ ನಾಲ್ಕು ವಾರ ಮುಂದುವರಿಸಬೇಕು. ಈ ಕೊನೆಯ ಮಾತನ್ನು ನಾನು ಪಾಲಿಸಲಿಲ್ಲ. ಮಾತ್ರೆಯಿಂದ ಹೊಟ್ಟೆ ಉರಿಯುತ್ತಿತ್ತು, ಮನೆಗೆ ಬಂದೆನಲ್ಲ, ಇನ್ನೇಕೆ ಎನ್ನಿಸಿತು. ಜನವರಿ 1ಕ್ಕೇ ನಿಲ್ಲಿಸಿದೆ. ಮಗಳು ನಿಲ್ಲಿಸಲಿಲ್ಲ. ಸೊಳ್ಳೆ ಕಚ್ಚಿದ ಮೇಲೆ ರೋಗಾಣು ಮೊದಲು ಯಕೃತ್ತಿನಲ್ಲಿ ಸದ್ದಿಲ್ಲದೆ ಬೆಳೆದು, ವಾರವೋ ಎರಡು ವಾರವೋ ಕಳೆದ ಮೇಲೆ ರಕ್ತಕ್ಕೆ ಇಳಿಯುತ್ತದೆ. ಡಾಕ್ಸಿಸೈಕ್ಲಿನ್ ಕೆಲಸ ಮಾಡುವುದು ಮುಖ್ಯವಾಗಿ ರಕ್ತಕ್ಕೆ ಇಳಿದವುಗಳ ಮೇಲೆ. ಅಲ್ಲಿನ ಕೊನೆಯ ದಿನ ಕಚ್ಚಿಸಿಕೊಂಡದ್ದಕ್ಕೂ ಇಲ್ಲಿ ಬಂದ ಮೇಲೆ ನುಂಗುವ ಮಾತ್ರೆಯೇ ಕಾವಲು. ಇದನ್ನು ಯಾರಾದರೂ ನನಗೆ ಹೀಗೆ ಬಿಡಿಸಿ ಹೇಳಿದ್ದರೆ ಹೊಟ್ಟೆಯುರಿಯನ್ನು ಸಹಿಸಿಕೊಳ್ಳುತ್ತಿದ್ದೆ. ಊಟವಾದ ಮೇಲೆ, ದೊಡ್ಡ ಲೋಟ ನೀರಿನೊಂದಿಗೆ ನುಂಗಿ, ಕೂಡಲೇ ಮಲಗದಿದ್ದರೆ ಉರಿ ಕಡಿಮೆಯಾಗುತ್ತದೆ ಎಂಬುದೂ ಆಮೇಲೆ ತಿಳಿಯಿತು.

ಪ್ರವಾಸದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಜಿಂಜಾದಲ್ಲಿ ನೈಲ್ ನದಿ ಹುಟ್ಟುವುದನ್ನು ನೋಡಿದೆವು. ಡಿಸೆಂಬರ್ 26ರಿಂದ ಮೂರು ದಿನ ಮರ್ಚಿಸನ್ ಜಲಪಾತದ ಕಾಡಿನಲ್ಲಿದ್ದೆವು. ಜೋಗ ನೋಡಿ ಬೆಳೆದವಳಿಗೆ ಎತ್ತರ ದೊಡ್ಡದಲ್ಲ. ಆದರೆ ಅಷ್ಟು ದೊಡ್ಡ ನದಿ ಏಳೇ ಮೀಟರ್ ಅಗಲದ ಬಂಡೆಯ ಸಂದಿನಲ್ಲಿ ನುಗ್ಗುವುದನ್ನು ಕಂಡು ಮಾತು ಹೊರಡಲಿಲ್ಲ. ಸಂಜೆ ವಸತಿಗೃಹದ ಜಗಲಿಯಲ್ಲಿ ರಾತ್ರಿ ಒಂಬತ್ತರವರೆಗೆ ಕುಳಿತು ಹರಟಿದೆವು. ಮಲೇರಿಯಾ ಸೊಳ್ಳೆ ಕಚ್ಚುವುದು ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ. ನಾನು ಸೀರೆಯುಟ್ಟು ಬರಿಗಾಲಲ್ಲಿ ಕುಳಿತಿದ್ದೆ. ತಮ್ಮನಿಗೆ ಚಿಂತೆಯೇ ಇರಲಿಲ್ಲ. "ಇಲ್ಲಿ ಎಲ್ಲರಿಗೂ ಬರುತ್ತದೆ ಅಕ್ಕ, ಮಾತ್ರೆ ನುಂಗಿದರೆ ಮೂರು ದಿನಕ್ಕೆ ಹೋಗುತ್ತದೆ" ಎಂದಿದ್ದ. ಮತ್ತೆ ಮತ್ತೆ ಮಲೇರಿಯಾ ಬಂದವರ ಮೈಗೆ ಅದನ್ನು ತಾಳಿಕೊಳ್ಳುವ ಶಕ್ತಿ ಒಂದಿಷ್ಟು ಕೂಡಿರುತ್ತದೆ. ಅದೇ ಜ್ವರ ನಮ್ಮಂಥ ಹೊಸಬರನ್ನು ನಾಲ್ಕಾರು ದಿನಗಳಲ್ಲಿ ಕೆಡವಬಲ್ಲದು.

ಡಿಸೆಂಬರ್ 31ಕ್ಕೆ ಮುಂಬಯಿಗೆ ಇಳಿದು, ಮತ್ಸ್ಯಗಂಧ ರೈಲು ಹತ್ತಿ, ಹೊಸವರ್ಷದ ನಸುಕಿನಲ್ಲಿ ಕುಮಟಾದಲ್ಲಿ ಇಳಿದು, ಘಟ್ಟ ಹತ್ತಿ ಮನೆ ಸೇರಿದೆವು. ಅಂಗಳದ ತುಂಬ ಅಡಿಕೆ. ಮರುದಿನದಿಂದಲೇ ಸುಲಿಯುವವರ ಜೊತೆ ಕುಳಿತೆ.

ಜನವರಿ 8ರ ಸಂಜೆ ಕೊಟ್ಟಿಗೆಯಿಂದ ಒಳಗೆ ಬರುವಾಗ ಚಳಿ ಶುರುವಾಯಿತು. ಎರಡು ಕಂಬಳಿ ಹೊದ್ದರೂ ಹಲ್ಲು ಕಡಿಯುವುದು ನಿಲ್ಲಲಿಲ್ಲ. ಒಂದು ಗಂಟೆಯ ನಂತರ ಮೈ ಕಾದ ಹಂಚಾಯಿತು, ನಡುರಾತ್ರಿಯ ಹೊತ್ತಿಗೆ ಬೆವರಿ ಸೀರೆಯೆಲ್ಲ ತೊಯ್ದಿತು. ಎಂಬತ್ತೈದು ದಾಟಿದ ಅತ್ತೆ ನನ್ನ ಕಾಲ ಬಳಿ ಕುಳಿತಿದ್ದರು. "ಇದು ನಾವು ಸಣ್ಣವರಿದ್ದಾಗಿನ ಚಳಿಜ್ವರದ ಹಾಗೆಯೇ ಇದೆ" ಎಂದರು. ಅವರ ಬಾಲ್ಯದಲ್ಲಿ ಈ ಸೀಮೆಯ ಮಕ್ಕಳಿಗೆ ಜ್ವರಗಡ್ಡೆ, ಅಂದರೆ ಗುಲ್ಮ ಊದಿ, ಹೊಟ್ಟೆ ಮುಂದೆ ಬರುತ್ತಿತ್ತಂತೆ. 1940ರ ದಶಕದಲ್ಲಿ, ನಾವು ಮುಂಬಯಿ ಪ್ರಾಂತ್ಯದಲ್ಲಿದ್ದಾಗ, ಡಾ. ಡಿ. ಕೆ. ವಿಶ್ವನಾಥನ್ ಅವರ ಮುಂದಾಳತ್ವದಲ್ಲಿ ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಮನೆಗಳಿಗೆ ಡಿಡಿಟಿ ಹೊಡೆದದ್ದು ಈ ಕಾಯಿಲೆಗಾಗಿಯೇ. ಆ ತಲೆಮಾರಿಗೆ ಗೊತ್ತಿದ್ದದ್ದನ್ನು ನಾವು ಮರೆತಿದ್ದೇವೆ. "ಈಗೆಲ್ಲಿಯ ಚಳಿಜ್ವರ ಅತ್ತೆ" ಎಂದು ಜೀರಿಗೆ ಕಷಾಯ ಕುಡಿದು ಪ್ಯಾರಾಸಿಟಮಾಲ್ ನುಂಗಿ ಮಲಗಿದೆ.

ಮರುದಿನ ಹತ್ತಿರದ ಡಾಕ್ಟರ ಬಳಿ ಹೋದೆವು. ಜನವರಿಯಲ್ಲಿ ನಮ್ಮ ಕಡೆ ಜ್ವರ ಎಂದರೆ ಎಲ್ಲರಿಗೂ ಮೊದಲು ಹೊಳೆಯುವುದು ಮಂಗನ ಕಾಯಿಲೆ. ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಲು ಬೆಟ್ಟಕ್ಕೆ ಹೋಗುವ ಕಾಲ, ಆ ಕಾಯಿಲೆ ಹರಡುವ ಉಣ್ಣಿ ಹೆಚ್ಚುವ ಕಾಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಆ ಕಾಯಿಲೆ ಸಿದ್ದಾಪುರದವರನ್ನು ಎಷ್ಟು ಕಾಡಿದೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಡಾಕ್ಟರು ಕೇಳಿದ್ದು ಇಷ್ಟೇ: "ಹದಿನೈದು ದಿನದ ಈಚೆ ಎಲ್ಲಾದರೂ ಹೋಗಿದ್ದಿರಾ?" ನಾನು ಹೇಳಿದೆ: "ಇಲ್ಲ, ಈ ವರ್ಷ ನಾನು ಬೆಟ್ಟಕ್ಕೆ ಕಾಲಿಟ್ಟಿಲ್ಲ." ಅವರ ಪ್ರಶ್ನೆ ನನಗೆ ಹಾಗೆಯೇ ಕೇಳಿಸಿತ್ತು. ನಾನು ಮುಚ್ಚಿಡಲಿಲ್ಲ. ಬಿಟ್ಟುಬಂದ ದೇಶಕ್ಕೂ ಈ ಜ್ವರಕ್ಕೂ ನಂಟಿರಬಹುದು ಎಂದು ತಲೆಗೆ ಹೊಳೆಯಲೇ ಇಲ್ಲ, ಅವರೂ ಮತ್ತೆ ಕೆದಕಲಿಲ್ಲ.

ಜನವರಿ 10ರ ವರದಿಯಲ್ಲಿ ಪ್ಲೇಟ್‌ಲೆಟ್ 92,000, ಬಿಳಿ ರಕ್ತಕಣ ಕಡಿಮೆ, ಡೆಂಗಿ ಇಲ್ಲ. ಮಂಗನ ಕಾಯಿಲೆಯಲ್ಲಿಯೂ ಪ್ಲೇಟ್‌ಲೆಟ್ ಹೀಗೆಯೇ ಇಳಿಯುತ್ತದೆ. ಆದ್ದರಿಂದ ರಕ್ತದ ಮಾದರಿ ಶಿವಮೊಗ್ಗಕ್ಕೆ ಹೋಯಿತು, ನಾವು ಅದರ ದಾರಿ ಕಾಯುತ್ತ ಕುಳಿತೆವು. 11ರ ಮಧ್ಯಾಹ್ನ ಜ್ವರ ಪೂರ್ತಿ ಬಿಟ್ಟಿತು. ಗಂಜಿ ಉಂಡೆ, ತಲೆ ಬಾಚಿಕೊಂಡೆ, ಸಂಘದ ಕೆಲಸಕ್ಕೆ ನಾಳೆ ಹೋಗುತ್ತೇನೆ ಎಂದೂ ಫೋನ್ ಮಾಡಿದೆ. ಸಂಜೆ ಆರಕ್ಕೆ ಮತ್ತೆ ಅದೇ ಚಳಿ. ಮಲೇರಿಯಾ ಎಂದರೆ ದಿನ ಬಿಟ್ಟು ದಿನ, ಗಡಿಯಾರ ನೋಡಿ ಬರುತ್ತದೆ ಎಂದು ಶಾಲೆಯಲ್ಲಿ ಓದಿದ್ದೆವಲ್ಲ, ಅದನ್ನು ನಂಬಿ ಕೂರಬೇಡಿ. ನನಗೆ ಬಂದ ಫಾಲ್ಸಿಪಾರಂ ಜಾತಿಯ ಮಲೇರಿಯಾದಲ್ಲಿ ಜ್ವರ ಯಾವಾಗ ಬೇಕಾದರೂ ಏರುತ್ತದೆ, ಯಾವಾಗ ಬೇಕಾದರೂ ಇಳಿಯುತ್ತದೆ.

12ಕ್ಕೆ ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲದಂತಾಗಿ ಶಿರಸಿಯ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದರು. ಅವಸರದಲ್ಲಿ ಮನೆಯವರು ವರದಿಗಳನ್ನೆಲ್ಲ ಕೈಗೆ ಸಿಕ್ಕ ಪ್ಲಾಸ್ಟಿಕ್ ಕಡತಕ್ಕೆ ತುಂಬಿದ್ದರು. ಅದು ನಾನು ಪ್ರವಾಸದ ಕಾಗದ ಇಟ್ಟಿದ್ದ ಕಡತ. ರಾತ್ರಿ ಪಾಳಿಗೆ ಬಂದ ಡಾಕ್ಟರು ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ನಿಂತುಕೊಂಡೇ ಒಂದೊಂದು ಹಾಳೆ ತಿರುವುತ್ತಿದ್ದಳು. ಹಳದಿ ಪುಸ್ತಕ ಕೈಗೆ ಬಂತು.

"ಇದು ಯಾರದು?"

"ನನ್ನದೇ."

"ಯಾವ ದೇಶಕ್ಕೆ ಹೋಗಿದ್ದಿರಿ? ಯಾವಾಗ ಬಂದಿರಿ?"

ಹೇಳಿದೆ. ಅವಳು ಕುರ್ಚಿ ಎಳೆದುಕೊಂಡು ಕುಳಿತಳು. ಯಾವ ಊರು, ಎಷ್ಟು ರಾತ್ರಿ, ಪರದೆ ಇತ್ತೇ, ಮಾತ್ರೆ ತೆಗೆದುಕೊಂಡಿರಾ, ಯಾವತ್ತು ನಿಲ್ಲಿಸಿದಿರಿ. ಬೆರಳು ಮಡಚಿ ದಿನ ಎಣಿಸಿದಳು. ಮರ್ಚಿಸನ್‌ನಿಂದ ಜ್ವರದ ಮೊದಲ ದಿನಕ್ಕೆ ಹನ್ನೆರಡು ದಿನ. "ಫಾಲ್ಸಿಪಾರಂ ಸಾಮಾನ್ಯವಾಗಿ ಏಳರಿಂದ ಹದಿನಾಲ್ಕು ದಿನದೊಳಗೆ ಕಾಣಿಸಿಕೊಳ್ಳುತ್ತದೆ. ಇದು ಮಲೇರಿಯಾ ಅಲ್ಲ ಎಂದು ಸಾಬೀತಾಗುವವರೆಗೆ ಮಲೇರಿಯಾ ಎಂದೇ ನೋಡೋಣ" ಎಂದಳು. ಐದು ದಿನಗಳಲ್ಲಿ ಮೊದಲ ಬಾರಿಗೆ ಒಬ್ಬರು ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡಿದ್ದರು. ಕಣ್ಣಲ್ಲಿ ನೀರು ಬಂತು.

ಅದೇ ರಾತ್ರಿ ರಕ್ತ ತೆಗೆದು ಹೊರಗಿನ ಪ್ರಯೋಗಾಲಯಕ್ಕೆ ಕಳುಹಿಸಿದರು. ಹನ್ನೊಂದಕ್ಕೆ ಫಲಿತಾಂಶ ಬಂತು: ಮಲೇರಿಯಾ ಇಲ್ಲ. ಮನೆಯವರು "ಸದ್ಯ" ಎಂದು ನಿಟ್ಟುಸಿರು ಬಿಟ್ಟರು. ಡಾಕ್ಟರು ಒಪ್ಪಲಿಲ್ಲ. ಒಂದು ಸಲ ಕಾಣಿಸಲಿಲ್ಲವೆಂದರೆ ಇಲ್ಲವೆಂದಲ್ಲ, ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಗೊಮ್ಮೆ, ಕಡಿಮೆಯೆಂದರೆ ಮೂರು ಸಲ ನೋಡಲೇಬೇಕು ಎಂದಳು. ಕಾರಣವನ್ನೂ ಹೇಳಿದಳು. ಫಾಲ್ಸಿಪಾರಂ ರೋಗಾಣು ಬಲಿತ ಮೇಲೆ ಒಳಗಿನ ಅಂಗಗಳ ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿಕೊಂಡು ಅಡಗುತ್ತದೆ. ಆ ಹೊತ್ತಿನಲ್ಲಿ ಬೆರಳಿನಿಂದಲೋ ತೋಳಿನಿಂದಲೋ ತೆಗೆದ ರಕ್ತದಲ್ಲಿ ಬೆರಳೆಣಿಕೆಯಷ್ಟೇ ಇರಬಹುದು. ನಾನು ಅರ್ಧ ನುಂಗಿ ಬಿಟ್ಟ ಡಾಕ್ಸಿಸೈಕ್ಲಿನ್ ಕೂಡ ಸಂಖ್ಯೆಯನ್ನು ಕೆಳಗಿಟ್ಟಿರಬಹುದು. ಮೇಲಾಗಿ ಆ ರಾತ್ರಿ ಮಾಡಿದ್ದು ತೆಳು ಲೇಪನ ಮಾತ್ರ. ಗಾಜಿನ ಮೇಲೆ ರಕ್ತವನ್ನು ತೆಳ್ಳಗೆ ಎಳೆಯುವುದು ರೋಗಾಣುವಿನ ಜಾತಿ ಗುರುತಿಸಲು ಒಳ್ಳೆಯದು. ಇದೆಯೋ ಇಲ್ಲವೋ ಎಂದು ಹುಡುಕಲು ದಪ್ಪ ಹನಿಯ ಲೇಪನ ಬೇಕು, ಅದರಲ್ಲಿ ಹೆಚ್ಚು ರಕ್ತ ಒಂದೇ ಕಡೆ ಸಿಗುತ್ತದೆ. ನಿಮ್ಮ ಚೀಟಿಯಲ್ಲಿ ಎರಡನ್ನೂ ಬರೆಸಿಕೊಳ್ಳಿ. ನಮ್ಮ ಕಡೆ ಈ ಜ್ವರ ಅಪರೂಪವಾಗಿರುವುದರಿಂದ ಹೊಸ ತಂತ್ರಜ್ಞರಿಗೆ ಇದನ್ನು ನೋಡಿ ರೂಢಿಯೂ ಕಡಿಮೆ.

13ರ ಬೆಳಿಗ್ಗೆ ಅವಳೇ ಸರ್ಕಾರಿ ಆಸ್ಪತ್ರೆಯ ಪ್ರಯೋಗಾಲಯಕ್ಕೆ ಫೋನ್ ಮಾಡಿ ನಮ್ಮನ್ನು ಅಲ್ಲಿಗೆ ಕಳುಹಿಸಿದಳು. ಅಲ್ಲಿನ ತಂತ್ರಜ್ಞರು ನಿವೃತ್ತಿಗೆ ಹತ್ತಿರವಾದವರು. ಬೆರಳು ಚುಚ್ಚಿ ದಪ್ಪ ಹನಿ, ತೆಳು ಲೇಪನ ಎರಡನ್ನೂ ಮಾಡಿದರು, ಇನ್ನೊಂದು ಹನಿಯನ್ನು ಪರೀಕ್ಷಾ ಪಟ್ಟಿಯ ಮೇಲೆ ಬಿಟ್ಟರು. ಇಪ್ಪತ್ತು ನಿಮಿಷಕ್ಕೆ ಪಟ್ಟಿಯ ಮೇಲೆ ಎರಡನೆಯ ಗೆರೆ ಮೂಡಿತು. ಲೇಪನ ಒಣಗಿ ಬಣ್ಣ ಹಾಕಿ ನೋಡುವುದಕ್ಕೆ ಇನ್ನೂ ಒಂದು ಗಂಟೆ ಬೇಕಾಯಿತು. ಅವರು ಸೂಕ್ಷ್ಮದರ್ಶಕದಿಂದ ಮುಖ ಎತ್ತದೆಯೇ "ಫಾಲ್ಸಿಪಾರಂ" ಎಂದರು. ಸಾವಿರ ಕೆಂಪುಕಣಗಳಲ್ಲಿ ಆರರೊಳಗೆ ರೋಗಾಣುವಿತ್ತು. ಈ ಪರೀಕ್ಷೆಗೆ ನಮ್ಮಿಂದ ಒಂದು ರೂಪಾಯಿಯನ್ನೂ ತೆಗೆದುಕೊಳ್ಳಲಿಲ್ಲ.

ಆ ಕ್ಷಣ ನನಗೆ ನನ್ನ ನೆನಪಿರಲಿಲ್ಲ, ಮಗಳ ನೆನಪಾಯಿತು. ಅದೇ ಜಗಲಿಯಲ್ಲಿ ನನ್ನ ಪಕ್ಕದಲ್ಲೇ ಕುಳಿತಿದ್ದವಳು. ಧಾರವಾಡಕ್ಕೆ ಫೋನ್ ಮಾಡಿದರೆ ತರಗತಿಯಲ್ಲಿದ್ದಳು, ಎತ್ತಲಿಲ್ಲ. ನಲವತ್ತು ನಿಮಿಷ ಬಿಟ್ಟು ಅವಳೇ ಮಾಡಿದಳು: "ಆಯಿ, ನನಗೆ ಏನೂ ಆಗಿಲ್ಲ, ಮಾತ್ರೆ ನುಂಗುತ್ತಲೇ ಇದ್ದೇನೆ." ಆದರೂ ಅಂದೇ ಪರೀಕ್ಷೆ ಮಾಡಿಸಿಕೊಂಡಳು. ಇರಲಿಲ್ಲ. ಉಳಿದ ಮಾತ್ರೆಗಳನ್ನು ಮುಗಿಸಲು, ಮುಂದೆ ಒಂದು ವರ್ಷ ಯಾವಾಗ ಜ್ವರ ಬಂದರೂ ಉಗಾಂಡಾ ಎಂದು ಮೊದಲೇ ಹೇಳಲು ಅವಳಿಗೆ ತಿಳಿಸಿದರು. ವೈವಾಕ್ಸ್, ಓವಾಲೆ ಎಂಬ ಜಾತಿಗಳು ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಮಲಗಿದ್ದು ಏಳುತ್ತವೆ, ಡಾಕ್ಸಿಸೈಕ್ಲಿನ್ ಅವುಗಳನ್ನು ಎಬ್ಬಿಸಿ ಓಡಿಸಲಾರದು.

ಅಷ್ಟರಲ್ಲಿ ನನ್ನ ಕಣ್ಣು ಹಳದಿಯಾಗಿತ್ತು. ಪ್ಲೇಟ್‌ಲೆಟ್ 48,000. ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವಂತಿರಲಿಲ್ಲ, ಆರ್ಟೆಸುನೇಟ್ ಚುಚ್ಚುಮದ್ದು ಬೇಕು, ತೀವ್ರ ನಿಗಾ ಘಟಕವೂ ಬೇಕಾಗಬಹುದು, ಹುಬ್ಬಳ್ಳಿಗೆ ಹೋಗಿ ಎಂದರು. ನಮ್ಮ ಜಿಲ್ಲೆಯವರಿಗೆ ಇದು ಹೊಸ ಮಾತಲ್ಲ. ಕರಾವಳಿಯವರು ಮಣಿಪಾಲಕ್ಕೋ ಗೋವಾಕ್ಕೋ ಓಡುತ್ತಾರೆ, ಘಟ್ಟದ ಮೇಲಿನವರು ಹುಬ್ಬಳ್ಳಿಗೆ. ಮುಂಡಗೋಡದ ದಾರಿಯಲ್ಲಿ ಆಂಬ್ಯುಲೆನ್ಸ್ ಕುಲುಕಿದಾಗಲೆಲ್ಲ ಮನೆಯವರು ನನ್ನ ಹಣೆ ಹಿಡಿದುಕೊಳ್ಳುತ್ತಿದ್ದರು. ಈ ಜಿಲ್ಲೆಗೆ ಒಂದು ದೊಡ್ಡ ಆಸ್ಪತ್ರೆ ಬೇಕು ಎಂದು ಜನ ಕೂಗುತ್ತಿರುವುದು ಯಾಕೆಂದು ಆ ನೂರು ಕಿಲೋಮೀಟರಿನಲ್ಲಿ ನನಗೆ ಮೈಯೆಲ್ಲ ತಿಳಿಯಿತು. ಒಂದು ಉಪಾಯ ಹೇಳುತ್ತೇನೆ: ಹೊರಡುವ ಮೊದಲು ಹೋಗುವ ಆಸ್ಪತ್ರೆಗೆ ಫೋನ್ ಮಾಡಿ, ಔಷಧ ಅವರ ಬಳಿ ಇದೆಯೇ ಎಂದು ಕೇಳಿಸಿ. ನಮ್ಮ ಡಾಕ್ಟರು ಕೇಳಿದ್ದಕ್ಕೆ ನಾವು ತಲುಪುವ ಹೊತ್ತಿಗೆ ಅವರು ಔಷಧ ತರಿಸಿಟ್ಟಿದ್ದರು. ರಕ್ತ ಲೇಪಿಸಿದ ಗಾಜನ್ನೂ ಜೊತೆಗೆ ಒಯ್ಯಿರಿ. ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದರು, ಅಲ್ಲಿಯವರು ಮತ್ತೆ ನೋಡಿ ಖಚಿತಪಡಿಸಿಕೊಂಡರು.

ಸಂಜೆ ನಾಲ್ಕಕ್ಕೆ ಮೊದಲ ಚುಚ್ಚುಮದ್ದು. ಕಿಲೋ ತೂಕಕ್ಕೆ 2.4 ಮಿಲಿಗ್ರಾಂ ಲೆಕ್ಕದಲ್ಲಿ, ಹನ್ನೆರಡು ಗಂಟೆಗೆ ಎರಡನೆಯದು, ಇಪ್ಪತ್ತನಾಲ್ಕು ಗಂಟೆಗೆ ಮೂರನೆಯದು. ಮೊದಲ ರಾತ್ರಿ ತುಂಬ ಕಷ್ಟವಾಯಿತು. ನರ್ಸ್ ಗಂಟೆಗೊಮ್ಮೆ ಬಂದು ನನ್ನ ಹೆಸರು, ಊರು ಕೇಳುತ್ತಿದ್ದಳು. ಯಾಕೆ ಮತ್ತೆ ಮತ್ತೆ ಕೇಳುತ್ತಾಳೆ ಎಂದು ಸಿಟ್ಟು ಬಂದಿತ್ತು. ಜ್ವರ ಮೆದುಳಿಗೆ ಏರಿದೆಯೇ ಎಂದು ನೋಡುತ್ತಿದ್ದಳು ಎಂದು ಮನೆಯವರು ಆಮೇಲೆ ಹೇಳಿದರು. ಮೂರನೆಯ ಚುಚ್ಚುಮದ್ದಿನ ನಂತರ ವಾಂತಿ ನಿಂತು, ಆರ್ಟೆಮೀಥರ್ ಮತ್ತು ಲುಮೆಫ್ಯಾಂಟ್ರಿನ್ ಕೂಡಿದ ಮಾತ್ರೆಗೆ ಬದಲಿಸಿದರು. ಮೂರು ದಿನ, ಆರು ಸರತಿ. ಇದನ್ನು ಜಿಡ್ಡಿನ ಆಹಾರದೊಂದಿಗೆ ನುಂಗಬೇಕು, ಬರಿಹೊಟ್ಟೆಯಲ್ಲಿ ಮೈಗೆ ಹತ್ತುವುದಿಲ್ಲ. ಜ್ವರಕ್ಕೆ ತುಪ್ಪ ಕೊಡಬಾರದು ಎಂದು ನಂಬಿದ ಮನೆ ನಮ್ಮದು. ಡಾಕ್ಟರು ಹೇಳಿದ ಮೇಲೆ ಮನೆಯವರು ಕೆನೆಹಾಲು ಹುಡುಕಿ ತಂದರು. ಪ್ರೈಮಾಕ್ವಿನ್ ಒಂದು ಸಲ ಕೊಟ್ಟರು. ಅದು ನನ್ನ ಜ್ವರಕ್ಕಲ್ಲ, ನನ್ನನ್ನು ಕಚ್ಚುವ ಸೊಳ್ಳೆಗೆ ರೋಗ ದಾಟದಿರಲಿ ಎಂದು. ಊರಿಗೆ ಈ ಕಾಯಿಲೆ ತಂದವಳು ನಾನಾಗುತ್ತೇನೆಯೇ ಎಂಬ ಭಯ ಒಳಗೊಳಗೇ ಇತ್ತು. ಆ ಮಾತ್ರೆ ನುಂಗಿದಾಗ ಅದು ಅರ್ಧ ಇಳಿಯಿತು. 16ಕ್ಕೆ ರಕ್ತದಲ್ಲಿ ರೋಗಾಣು ಕಾಣಲಿಲ್ಲ, 17ಕ್ಕೆ ಮನೆಗೆ ಕಳುಹಿಸಿದರು. ಮಂಗನ ಕಾಯಿಲೆ ಇಲ್ಲ ಎಂಬ ಶಿವಮೊಗ್ಗದ ಉತ್ತರ ನಾನು ಹುಬ್ಬಳ್ಳಿಯಲ್ಲಿದ್ದಾಗ ಬಂತು.

ಖರ್ಚು: ಶಿರಸಿಯ ಖಾಸಗಿ ಆಸ್ಪತ್ರೆ ಮತ್ತು ಪರೀಕ್ಷೆಗಳಿಗೆ 11,300, ಆಂಬ್ಯುಲೆನ್ಸಿಗೆ 4,500, ಹುಬ್ಬಳ್ಳಿಯಲ್ಲಿ 71,000 ರೂಪಾಯಿ. ಪ್ರವಾಸ ವಿಮೆ ಮನೆಗೆ ಬಂದ ದಿನಕ್ಕೇ ಮುಗಿದಿತ್ತು. ಆರೋಗ್ಯ ವಿಮೆಯವರು ಹೊರದೇಶದಲ್ಲಿ ತಗುಲಿದ ಕಾಯಿಲೆಯಲ್ಲವೇ ಎಂದು ಪ್ರಶ್ನೆ ಎತ್ತಿದರು. ರೋಗಲಕ್ಷಣ ಶುರುವಾದದ್ದೂ ಚಿಕಿತ್ಸೆ ನಡೆದದ್ದೂ ಇಲ್ಲಿಯೇ ಎಂದು ಡಾಕ್ಟರಿಂದ ಪತ್ರ ಬರೆಸಿ, ಪಾಸ್‌ಪೋರ್ಟಿನ ಮುದ್ರೆಗಳ ಪ್ರತಿ ಕೊಟ್ಟ ಮೇಲೆ 58,000 ಮಂಜೂರಾಯಿತು. ರೋಗಾಣುವಿನ ಜಾತಿ ಬರೆದ ವರದಿಯ ಮೂಲಪ್ರತಿಯನ್ನು ಜೋಪಾನ ಮಾಡಿ, ಎಲ್ಲರೂ ಅದನ್ನೇ ಕೇಳುತ್ತಾರೆ.

ಮನೆಗೆ ಬಂದ ಮರುದಿನ ಆಶಾ ಕಾರ್ಯಕರ್ತೆ ಮತ್ತು ಆರೋಗ್ಯ ಸಹಾಯಕರು ಬಂದರು. ಮನೆಯವರ, ಅತ್ತೆಯ, ಸುತ್ತಲಿನ ಮನೆಗಳವರ, ಅಡಿಕೆ ಸುಲಿಯಲು ಬರುವವರ ಬೆರಳಿನಿಂದ ರಕ್ತ ತೆಗೆದರು, ತೊಟ್ಟಿ, ಕೆರೆಗಳಲ್ಲಿ ಸೊಳ್ಳೆಮರಿ ಹುಡುಕಿದರು. ಕೆಲವರು ಅಂಗಳಕ್ಕೆ ಬರಲು ಹಿಂಜರಿದದ್ದು ನೋವಾಯಿತು. ಮನುಷ್ಯರಿಂದ ಮನುಷ್ಯರಿಗೆ ಇದು ಮುಟ್ಟಿದರೆ ಹರಡುವುದಿಲ್ಲ. ಯಾರಿಗೂ ಬಂದಿರಲಿಲ್ಲ.

ಆರ್ಟೆಸುನೇಟ್ ಪಡೆದವರಲ್ಲಿ ಕೆಲವರಿಗೆ ಒಂದು ವಾರದ ನಂತರ ಕೆಂಪುಕಣ ಒಡೆದು ರಕ್ತ ಇಳಿಯುವುದುಂಟು. ಅದಕ್ಕಾಗಿ ನಾಲ್ಕು ವಾರ, ವಾರಕ್ಕೊಮ್ಮೆ ಹಿಮೋಗ್ಲೋಬಿನ್ ನೋಡಬೇಕು. ನನ್ನದು ಎರಡನೆಯ ವಾರ 8.7ಕ್ಕೆ ಇಳಿದು ತಾನಾಗಿಯೇ ಏರಿತು. ಜ್ವರ ಬಿಟ್ಟಿತಲ್ಲ ಎಂದು ಈ ಪರೀಕ್ಷೆಗಳನ್ನು ಬಿಡಬೇಡಿ. ಅದೇ ವಾರ ಒಂದು ಕಡೆ ಪಟ್ಟಿಯ ಪರೀಕ್ಷೆ ಮಾಡಿದಾಗ ಮತ್ತೆ ಎರಡು ಗೆರೆ ಬಂದು ನಾನು ಅಲ್ಲಿಯೇ ಅತ್ತುಬಿಟ್ಟೆ. ರೋಗಾಣು ಸತ್ತ ಮೇಲೂ ಅದರ ಪ್ರೋಟೀನು ರಕ್ತದಲ್ಲಿ ವಾರಗಟ್ಟಲೆ ಉಳಿಯುತ್ತದೆ, ಪಟ್ಟಿ ಅದನ್ನೇ ಹಿಡಿಯುತ್ತದೆ. ಗುಣವಾಯಿತೇ ಎಂದು ತಿಳಿಯಲು ಲೇಪನವನ್ನೇ ನೋಡಬೇಕು.

ಫೆಬ್ರವರಿ 10ಕ್ಕೆ ಸರ್ಕಾರಿ ಆಸ್ಪತ್ರೆಯ ಅದೇ ತಂತ್ರಜ್ಞರು ಕೊನೆಯ ಲೇಪನ ಮಾಡಿದರು. ಬಣ್ಣ ಒಣಗುವವರೆಗೆ ಕಾಯುತ್ತಿದ್ದಾಗ, ಜನವರಿಯ ಗಾಜೊಂದನ್ನು ತೆಗೆದಿಟ್ಟಿದ್ದೇನೆ, ನೋಡುತ್ತೀರಾ ಎಂದು ಕೇಳಿದರು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ತಿಳಿ ಗುಲಾಬಿ ಬಣ್ಣದ ಕಣಗಳ ನಡುವೆ ಅಲ್ಲೊಂದು ಇಲ್ಲೊಂದು ಕಣದೊಳಗೆ ನೇರಳೆ ಬಣ್ಣದ ಸಣ್ಣ ಬಳೆ, ಬಳೆಯ ಒಂದು ಬದಿಗೆ ಒಂದು ಚುಕ್ಕೆ. ಅತ್ತೆಯ ಹಳೆಯ ಮೂಗುತಿಯ ಹಾಗೆಯೇ ಇತ್ತು. ಅವರು ಆ ಗಾಜನ್ನು ತೆಗೆದು ಹೊಸದನ್ನು ಇಟ್ಟರು. ಬಹಳ ಹೊತ್ತು ನೋಡಿದೆ. ಗುಲಾಬಿ ಕಣಗಳು ಮಾತ್ರ ಇದ್ದವು.